ತಿರುಗಿಸಿಟ್ಟ ಮಸೂರ

ಹಳೆಯ ವೆಬ್‌ಕ್ಯಾಮ್‌ನ ಮಸೂರವನ್ನು ಬಿಚ್ಚಿ, ಹಿಂದುಮುಂದಾಗಿ ಕೂರಿಸಿದರೆ ಸೂಕ್ಷ್ಮದರ್ಶಕ ಸಿದ್ಧ! ಗಾಜಿನ ಮೇಲೆ ಕೆರೆನೀರಿನ ಹನಿಯಿಟ್ಟು, ಕೆಳಗಿನಿಂದ ಬೆಳಕು ಬಿಟ್ಟು, ಮಸೂರವನ್ನು ಕೂದಲೆಳೆಯಷ್ಟು ಮೇಲೆ ಕೆಳಗೆ ಸರಿಸಬೇಕು. ಮಸುಕು ಕರಗುತ್ತಿದ್ದಂತೆ ಪಾಚಿಯ ಹಸಿರು ಎಳೆಗಳ ನಡುವೆ ನುಸುಳುವ ಜೀವಿಗಳು ಪರದೆಯ ತುಂಬ ಓಡಾಡುತ್ತವೆ.

ಕಲೆ ಮತ್ತು ಜೀವವಿಜ್ಞಾನವನ್ನು ಬೆಸೆಯುವ, 2009ರಲ್ಲಿ ಹುಟ್ಟಿದ ಹ್ಯಾಕ್ಟೀರಿಯಾ ಬಳಗ ಇದನ್ನು ಕಾರ್ಯಾಗಾರಗಳಲ್ಲಿ ಕಲಿಸುತ್ತ ಬಂದಿದೆ. ಸ್ಥಾಪಕರಲ್ಲಿ ಒಬ್ಬರು ಬೆಂಗಳೂರಿನ ಕಲಾವಿದ ಯಶಸ್ ಶೆಟ್ಟಿ. ಅದೇ ವರ್ಷ ಅವರ ಮಾರ್ಗದರ್ಶನದಲ್ಲಿ ಬೆಂಗಳೂರಿನ ಸೃಷ್ಟಿ ಕಲಾಶಾಲೆಯ ತಂಡ ಸಂಶ್ಲೇಷಿತ ಜೀವವಿಜ್ಞಾನದ ಐಜೆಮ್ ಸ್ಪರ್ಧೆಗಾಗಿ ಮಳೆ ಬಿದ್ದ ಮಣ್ಣಿನ ಘಮಕ್ಕೆ ಕಾರಣವಾದ ಜಿಯೋಸ್ಮಿನ್ ಸೂಸುವ ಬ್ಯಾಕ್ಟೀರಿಯಾ ರೂಪಿಸಲು ಹೊರಟಿತು. ಕಲಾ ವಿದ್ಯಾರ್ಥಿಗಳು ಕೈಹಾಕಿದ ಜೀವವಿಜ್ಞಾನವಿದು!

ಹ್ಯಾಕ್ಟೀರಿಯಾದಲ್ಲಿ ಉಪಕರಣ ಕಟ್ಟುವ ವಿಧಾನವನ್ನು ಯಾರೂ ಬಚ್ಚಿಡುವುದಿಲ್ಲ; ಈ ಉದಾರತೆಯೇ ನನಗೆ ಎಲ್ಲಕ್ಕಿಂತ ಪ್ರಿಯ. ತಾನೇ ಜೋಡಿಸಿದ ಉಪಕರಣವನ್ನು ಮಗು ಅಂಜದೆ ಬಿಚ್ಚುತ್ತದೆ, ಕೆಟ್ಟರೆ ತಾನೇ ಸರಿಪಡಿಸುತ್ತದೆ. ನಮ್ಮ ಪ್ರತಿ ಶಾಲೆಯಲ್ಲೂ ಇಂಥ ಉಪಕರಣ ಕಟ್ಟುವ ಮೇಜೊಂದು ಇರಲೇಬೇಕು.