ಅಗ್ಗದ ಮಗ್ಗಿನ ಪರವಾಗಿ

ಜಪಾನನ್ನು ಮೆಚ್ಚುವವರಿಗೆ ಹಬ್ಬಕ್ಕೋ ಹೊಸ ವರ್ಷಕ್ಕೋ ಏನು ಕೊಡಬೇಕು ಎಂಬುದರ ಬಗ್ಗೆ ಒಂದು ಅಭಿಪ್ರಾಯ ಗಟ್ಟಿಯಾಗಿ ಬೇರೂರಿದೆ. ಇಕಿಗಾಯ್ (ಬದುಕಲು ಕಾರಣ) ಕುರಿತ ಪುಸ್ತಕ, ಒಡೆದ ಬಟ್ಟಲಿಗೆ ಬಂಗಾರದ ಗೆರೆ ಎಳೆಯುವ ಕಿಂಟ್ಸುಗಿ ಕಿಟ್, ಮೇಜಿನ ಮೇಲಿಡುವ ಪುಟ್ಟ ಝೆನ್ ತೋಟ, ಇವು ತಿಳಿದವರು ಕೊಡುವ ಉಡುಗೊರೆಗಳಂತೆ. ಚಿತ್ರಕಾರ ಹೊಕುಸಾಯ್‌ನ ಅಲೆಯ ಚಿತ್ರವಿರುವ ಕಾಫಿ ಮಗ್ಗು, ಕೈ ಬೀಸುವ ಬೆಕ್ಕು, ಹಲೋ ಕಿಟ್ಟಿ ಪರ್ಸು ಬರೀ ಅಂಗಡಿ ಸರಕಂತೆ. ಎರಡೂ ಬಗೆಯವು ನನ್ನ ಮನೆಗೆ ಬಂದಿವೆ. ಈ ವಿಂಗಡಣೆಯೇ ತಲೆಕೆಳಗಾಗಿದೆ ಎಂಬುದು ನನ್ನ ವಾದ.

ಮಹಾಕೃತಿಯನ್ನು ಮಗ್ಗಿನ ಮೇಲೆ ಅಚ್ಚು ಹಾಕಿ ಕೆಡಿಸಿದರು ಎಂದು ಕೊರಗುವವರು ಆ ಅಲೆ ಹುಟ್ಟಿದ್ದು ಹೇಗೆಂದು ನೋಡಬೇಕು. 1831ರ ಸುಮಾರಿಗೆ ಫೂಜಿ ಬೆಟ್ಟದ ನೋಟಗಳ ಮಾಲಿಕೆಯಲ್ಲಿ ಒಂದಾಗಿ ಅದು ಬಂತು. ಹೊಕುಸಾಯ್ ಬರೆದದ್ದನ್ನು ಕೆತ್ತುವವರು ಮರದ ಹಲಗೆಗೆ ಇಳಿಸಿದರು, ಅಚ್ಚು ಹಾಕುವವರು ಸಾವಿರಾರು ಪ್ರತಿ ತೆಗೆದರು, ಪ್ರಕಾಶಕ ಮಾರಿದ. ಬೆಲೆ ಒಂದೆರಡು ಬಟ್ಟಲು ಸೋಬಾ ಶಾವಿಗೆಯಷ್ಟು. ಎದೋ (ಈಗಿನ ಟೋಕಿಯೋ) ಪಟ್ಟಣಕ್ಕೆ ಬಂದ ಪರವೂರಿನವರು ಹೊರಲು ಹಗುರವೆಂದು ಇಂಥ ಚಿತ್ರಗಳನ್ನು ಮನೆಯವರಿಗೆ ಒಯ್ಯುತ್ತಿದ್ದರು. ಆ ಗಾಢ ನೀಲಿ ಬಣ್ಣ ಕೂಡ ಯುರೋಪಿನಲ್ಲಿ ಹುಟ್ಟಿದ ಪ್ರಶ್ಯನ್ ನೀಲಿ. ಹುಟ್ಟಿನಿಂದಲೇ ಆ ಚಿತ್ರ ಪೇಟೆಯ ವಸ್ತು. 2024ರಲ್ಲಿ ಜಪಾನ್ ಅದನ್ನು ತನ್ನ ಸಾವಿರ ಯೆನ್ ನೋಟಿನ ಹಿಂಬದಿಗೆ ಹಾಕಿತು. ನೋಟಿನ ಮೇಲೆ ಒಪ್ಪುವುದು ಮಗ್ಗಿನ ಮೇಲೆ ಯಾಕೆ ಒಪ್ಪಬಾರದು?

ಇನ್ನು ‘ತಿಳಿದವರ’ ಉಡುಗೊರೆಗಳು. ಕಿಂಟ್ಸುಗಿ ನಿಧಾನದ ಕಸುಬು. ಉರುಷಿ ಮರದ ರಸದಿಂದ ಚೂರುಗಳನ್ನು ಅಂಟಿಸಬೇಕು. ಆ ರಸ ಚರ್ಮಕ್ಕೆ ತಾಗಿದರೆ ತುರಿಕೆ, ಬೊಬ್ಬೆ. ಅದು ಬಿಸಿಲಿಗೆ ಒಣಗುವುದಿಲ್ಲ, ತೇವವಿರುವ ಗಾಳಿಯಲ್ಲೇ ಗಟ್ಟಿಯಾಗಬೇಕು. ಬಳಿದು, ಉಜ್ಜಿ, ಮತ್ತೆ ಬಳಿದು, ಚಿನ್ನದ ಪುಡಿ ಉದುರಿಸುವ ಹೊತ್ತಿಗೆ ವಾರಗಳೇ ಕಳೆದಿರುತ್ತವೆ. ಅಂಗಡಿಯ ಬಹುತೇಕ ಕಿಟ್‌ಗಳಲ್ಲಿ ಇರುವುದು ಎಪಾಕ್ಸಿ ಅಂಟು ಮತ್ತು ಚಿನ್ನದ ಬಣ್ಣದ ಪುಡಿ. ಕೆಲವು ಕಿಟ್‌ಗಳಲ್ಲಿ ಒಡೆಯಲೆಂದೇ ಒಂದು ಬಟ್ಟಲನ್ನೂ ಇಟ್ಟಿರುತ್ತಾರೆ. ಪ್ರೀತಿಯ ಪಾತ್ರೆಯನ್ನು ಕಳೆದುಕೊಳ್ಳಲಾರದೆ ಹುಟ್ಟಿದ ಕಸುಬು ಇಲ್ಲಿ ಒಳ್ಳೆಯ ಬಟ್ಟಲನ್ನು ಒಡೆಯುವುದರಿಂದ ಶುರುವಾಗುತ್ತದೆ. ಇದು ನನಗೆ ನಿಜವಾಗಿಯೂ ನೋವು ಕೊಡುತ್ತದೆ.

ಇಕಿಗಾಯ್ ಕಥೆ ಇನ್ನೂ ಕೆಟ್ಟದ್ದು. ಎಲ್ಲರೂ ಕೊಡುವ ಪುಸ್ತಕ 2016ರದ್ದು, ಬರೆದವರು ಸ್ಪೇನಿನ ಇಬ್ಬರು. ಇಕಿಗಾಯ್ ಹೆಸರಿನಲ್ಲಿ ಎಲ್ಲೆಡೆ ಓಡಾಡುವ, ಇಷ್ಟ, ಸಾಮರ್ಥ್ಯ, ಲೋಕದ ಅಗತ್ಯ, ಸಂಬಳ ಎಂಬ ನಾಲ್ಕು ವೃತ್ತಗಳ ಚಿತ್ರವೂ ಜಪಾನಿನದಲ್ಲ. ಆ ಪುಸ್ತಕಕ್ಕೂ ಐವತ್ತು ವರ್ಷ ಮೊದಲು, 1966ರಲ್ಲಿ, ಮನೋವೈದ್ಯೆ ಕಾಮಿಯಾ ಮಿಯೆಕೊ ಇಕಿಗಾಯ್ ಬಗ್ಗೆ ಒಂದು ಪುಸ್ತಕ ಬರೆದಿದ್ದರು. ಅವರು ಕೆಲಸ ಮಾಡಿದ್ದು ನಾಗಾಶಿಮಾ ದ್ವೀಪದ ಕುಷ್ಠರೋಗಿಗಳ ಆಸ್ಪತ್ರೆಯಲ್ಲಿ. ಮನೆ, ಊರು, ಎಷ್ಟೋ ಸಲ ಹೆಸರನ್ನೂ ಬಿಟ್ಟು ಬಂದವರು ಅಲ್ಲಿದ್ದರು. ಎಲ್ಲ ಕಳೆದುಕೊಂಡ ಮೇಲೂ ಕೆಲವರಿಗೆ ಬದುಕಬೇಕೆನಿಸುವುದು ಯಾಕೆ ಎಂಬುದು ಕಾಮಿಯಾ ಅವರ ಪ್ರಶ್ನೆ. ಅದರಲ್ಲಿ ಸಂಬಳದ ವೃತ್ತವಿರಲಿಲ್ಲ. ಆ ಪ್ರಶ್ನೆಯನ್ನು ದೀರ್ಘಾಯುಷ್ಯದ ಸೂತ್ರವಾಗಿಸಿ ರಿಬ್ಬನ್ ಕಟ್ಟಿ ಕೊಡುವುದನ್ನು ಸಂಸ್ಕೃತಿ ಪ್ರೀತಿ ಎಂದು ಒಪ್ಪಲು ನನಗೆ ಆಗುವುದಿಲ್ಲ.

ಜಪಾನೀಯರೇ ವರ್ಷದ ಕೊನೆಗೆ ಏನು ಕೊಡುತ್ತಾರೆ? ಡಿಸೆಂಬರಿನಲ್ಲಿ ಒಸೈಬೊ ಎಂದು ಮೇಲಧಿಕಾರಿಗೆ, ಗುರುಗಳಿಗೆ, ಉಪಕಾರ ಮಾಡಿದವರಿಗೆ ಕಳಿಸುವುದು ಹ್ಯಾಮ್, ಬಿಯರ್, ಅಡುಗೆ ಎಣ್ಣೆ. ಬಳಸಿ ಮುಗಿಸುವ ವಸ್ತುಗಳು. ತಕಾಸಾಕಿಯ ಕೆಂಪು ದರುಮಾ ಗೊಂಬೆಯೂ ಹಾಗೆಯೇ. ರೈತರು ಕಾಗದದಿಂದ ಮಾಡಿ ಮಾರುತ್ತಿದ್ದ ಆ ಗೊಂಬೆಯನ್ನು ಹೊಸ ವರ್ಷಕ್ಕೆ ಕೊಂಡು, ಹರಕೆ ಹೊತ್ತು ಒಂದು ಕಣ್ಣು ಬರೆದು, ಈಡೇರಿದರೆ ಇನ್ನೊಂದು ಬರೆದು, ಆಮೇಲೆ ಗುಡಿಗೆ ಒಪ್ಪಿಸಿ ಸುಡುತ್ತಾರೆ. (ಆ ಗೊಂಬೆ ಬೋಧಿಧರ್ಮನದು. ಆತ ನಮ್ಮ ದಕ್ಷಿಣದಿಂದ ಹೋದವನೆಂಬ ಪ್ರತೀತಿಯಿದೆ.) ಇನ್ನು ಹಲೋ ಕಿಟ್ಟಿಯ ಚಿತ್ರವಿದ್ದ ಮೊದಲ ಚಿಲ್ಲರೆ ಪರ್ಸು 1975ರಲ್ಲಿ ಬಂದಾಗ ಬೆಲೆ 240 ಯೆನ್. ಮಕ್ಕಳು ಮಕ್ಕಳಿಗೆ ಕೊಡಬಹುದಾದಂಥದ್ದು.

ಹಾಗಾದರೆ ಕಾರ್ಖಾನೆಯಿಂದ ಬಂದದ್ದೆಲ್ಲ ಒಳ್ಳೆಯದೇ ಎಂದು ಕೇಳಬಹುದು. ಹೆಸರಿಲ್ಲದ ಕುಂಬಾರರ ದಿನಬಳಕೆಯ ಬಟ್ಟಲುಗಳಿಗಾಗಿ 1936ರಲ್ಲಿ ಟೋಕಿಯೋದಲ್ಲಿ ವಸ್ತುಸಂಗ್ರಹಾಲಯ ತೆರೆದ ಯಾನಾಗಿ ಸೋಎತ್ಸು ಯಂತ್ರದ ಸರಕನ್ನು ಮೆಚ್ಚುತ್ತಿರಲಿಲ್ಲ. ಆ ಮಾತಿನಲ್ಲಿ ನಾನು ಅವರ ಜೊತೆಗಿಲ್ಲ, ಆದರೆ ಅವರಿಂದ ಕಲಿತದ್ದನ್ನು ಬಿಡುವುದೂ ಇಲ್ಲ: ವಸ್ತು ತನ್ನ ಕೆಲಸವನ್ನು ಸರಿಯಾಗಿ ಮಾಡಬೇಕು. ಕಾಫಿ ಹಿಡಿಯುತ್ತೇನೆ ಎನ್ನುವ ಮಗ್ಗು ಕಾಫಿ ಹಿಡಿಯುತ್ತದೆ. ಜ್ಞಾನ ಕೊಡುತ್ತೇನೆ ಎನ್ನುವ ಡಬ್ಬಿ ಅದನ್ನು ಕೊಡುವುದಿಲ್ಲ.

ಗಂಭೀರವಾದದ್ದನ್ನೇ ಕೊಡಬೇಕೆಂದಿದ್ದರೆ ನತ್ಸುಮೆ ಸೋಸೆಕಿಯ ‘ಕೊಕೊರೊ’ ಕೊಡಿ. 1914ರ ಆ ಕಾದಂಬರಿ ಯಾರಿಗೂ ನೆಮ್ಮದಿಯ ದಾರಿ ತೋರಿಸುವುದಿಲ್ಲ. ಗೆಳೆಯನಿಗೆ ದ್ರೋಹ ಬಗೆದವನೊಬ್ಬ ಅದನ್ನು ಹೊತ್ತುಕೊಂಡು ಹೇಗೆ ಬದುಕಿದ ಎಂಬುದನ್ನು ಹೇಳುತ್ತದೆ.