ನಕ್ಷತ್ರಿಕನ ನಗೆ

ಸತ್ಯಕ್ಕಾಗಿ ರಾಜ್ಯ ತೊರೆದು, ಹೆಂಡತಿ ಮಗನನ್ನು ಮಾರಿದ ಹರಿಶ್ಚಂದ್ರನ ಕಥೆಯಲ್ಲಿ ನಗುವುದಕ್ಕೆ ಎಡೆಯೆಲ್ಲಿ? 1965ರ ‘ಸತ್ಯ ಹರಿಶ್ಚಂದ್ರ’ ಚಿತ್ರದಲ್ಲಿ ಆ ಎಡೆಯನ್ನು ಮಾಡಿಕೊಟ್ಟವರು ನಕ್ಷತ್ರಿಕನ ಪಾತ್ರ ವಹಿಸಿದ ನರಸಿಂಹರಾಜು.

ವಿಶ್ವಾಮಿತ್ರನ ಸಾಲ ವಸೂಲಿಗೆಂದು ಬೆನ್ನುಹತ್ತಿ ಬರುವ ಶಿಷ್ಯ ನಕ್ಷತ್ರಿಕ. ಕಾಟ ಕೊಡುವುದೇ ಅವನ ಕೆಲಸ. ನಟ ಕೊಂಚ ಹದ ತಪ್ಪಿದರೂ ನಗೆಯೆಲ್ಲ ನೊಂದವರ ಮೇಲೆ ಬೀಳುತ್ತದೆ. ನರಸಿಂಹರಾಜು ಹಾಗಾಗಗೊಡಲಿಲ್ಲ. ಆ ಕಡ್ಡಿಯಂಥ ಮೈ, ಆ ಉಬ್ಬುಹಲ್ಲು, ಆ ಹುಸಿ ದರ್ಪ! ನಾವು ನಗುವುದು ಕಾಡಲು ಬಂದವನನ್ನು ಕಂಡು, ಕಾಟ ಉಂಡವನನ್ನು ಕಂಡಲ್ಲ. ಚಂದ್ರಮತಿಯ ಕಣ್ಣೀರಿಗೆ ಎಳ್ಳಷ್ಟೂ ಅಪಚಾರವಾಗುವುದಿಲ್ಲ.

ಈ ವಿವೇಕ ರಂಗಭೂಮಿಯ ಕೊಡುಗೆಯೆನ್ನಬಹುದು. 1923ರಲ್ಲಿ ತುಮಕೂರು ಜಿಲ್ಲೆಯ ತಿಪಟೂರಿನಲ್ಲಿ ಹುಟ್ಟಿದ ಅವರು ಗುಬ್ಬಿ ಕಂಪನಿಯಲ್ಲಿ ಪಳಗಿ, 1954ರ ‘ಬೇಡರ ಕಣ್ಣಪ್ಪ’ದಿಂದ ಚಿತ್ರರಂಗಕ್ಕೆ ಬಂದವರು. ಕಂಪನಿಯ ಒಡೆಯರಾದ ವೀರಣ್ಣನವರೇ ‘ಸದಾರಮೆ’ಯ ಕಳ್ಳನಾಗಿ ನಾಡನ್ನು ನಗಿಸಿದವರು. ನೆಲದವರೂ ಕುರ್ಚಿಯವರೂ, ತಾಯಿ ಮಕ್ಕಳೂ ಒಟ್ಟಿಗೆ ನಗಬೇಕಾಗಿದ್ದ ನಾಟಕಶಾಲೆಯದು.

ಎಲ್ಲ ಚಿತ್ರಗಳಲ್ಲೂ ಅವರಿಗೆ ಇಂಥ ಪಾತ್ರ ದೊರೆಯಲಿಲ್ಲ. ಎಷ್ಟೋ ಕಡೆ ಬರಿಯ ಅಂಗಚೇಷ್ಟೆಯೇ ಪಾಲಿಗೆ ಬಂತು. 1979ರಲ್ಲಿ ಅವರು ತೀರಿಕೊಂಡರು. ಆದರೂ ಗುಬ್ಬಿಯಲ್ಲಾಗಲಿ ಕುಣಿಗಲಿನಲ್ಲಾಗಲಿ, ಅಜ್ಜಿ ಮೊಮ್ಮಕ್ಕಳೊಡನೆ ಕುಳಿತು ಈ ಚಿತ್ರ ನೋಡಿದರೆ ಯಾರೂ ಮುಖ ತಿರುಗಿಸಬೇಕಾಗಿಲ್ಲ. ಶುಚಿಯಾದ ಹಾಸ್ಯವೆಂದರೆ ಕೆಟ್ಟ ಮಾತಿಲ್ಲದ್ದು ಎಂದಷ್ಟೇ ಅಲ್ಲ, ಬಿದ್ದವನನ್ನು ತುಳಿಯದ್ದು.