ಚೀಟಿಯ ಮೇಲಿನ ಅಜ್ಜಿ

ನ್ಯಾಯಯುತ ವ್ಯಾಪಾರದ ಹೆಸರಲ್ಲಿ ಮಾರುವ ದಕ್ಷಿಣ ಅಮೆರಿಕದ ಶಾಲಿಗೆ ಸಾಮಾನ್ಯವಾಗಿ ಒಂದು ಚೀಟಿ ಅಂಟಿಕೊಂಡಿರುತ್ತದೆ. ಹಿನ್ನೆಲೆಯಲ್ಲಿ ಆಂಡೀಸ್ ಬೆಟ್ಟ, ಮುಂದೆ ಮಗ್ಗ, ಸುಕ್ಕುಮುಖದ ಅಜ್ಜಿ, ಕೆಳಗೆ ಪ್ರಾಚೀನ ಪರಂಪರೆಯ ಮಾತು. ಕೊಂಡವರು ಒಂದು ಕಲೆಯನ್ನೇ ಉಳಿಸಿದಂತೆ ಎಂಬುದು ಒಟ್ಟು ತಾತ್ಪರ್ಯ. ಎಕ್ವಡಾರಿನ ಒಟವಾಲೊ ನೇಕಾರರ ಕತೆ ಗೊತ್ತಿದ್ದವರಿಗೆ ಈ ತಾತ್ಪರ್ಯ ಗಂಟಲಲ್ಲಿ ಇಳಿಯುವುದಿಲ್ಲ.

ಅಲ್ಲಿ ಯಾವುದನ್ನು ಪರಂಪರೆ ಅನ್ನೋಣ? ಹಾಸಿನ ಒಂದು ತುದಿಯನ್ನು ಕಂಬಕ್ಕೆ ಕಟ್ಟಿ, ಇನ್ನೊಂದನ್ನು ಸೊಂಟದ ಪಟ್ಟಿಗೆ ಸಿಕ್ಕಿಸಿ, ನೆಲದ ಮೇಲೆ ಕೂತು, ಮೈಯನ್ನೇ ಹಿಂದಕ್ಕೆ ವಾಲಿಸಿ ನೂಲು ಬಿಗಿ ಮಾಡಿಕೊಳ್ಳುವ ಮಗ್ಗ ಸ್ಪೇನಿನವರಿಗಿಂತ ಹಳೆಯದು, ನಿಜ. ಆದರೆ ಕಾಲಲ್ಲಿ ತುಳಿದು ನಡೆಸುವ ಮಗ್ಗವೂ ಕುರಿಯ ಉಣ್ಣೆಯೂ ಬಂದದ್ದು ಸ್ಪೇನಿನವರ ಜೊತೆಗೇ. ಒಬ್ರಾಹೆ ಎಂಬ ನೇಯ್ಗೆ ಕಾರ್ಖಾನೆಗಳಲ್ಲಿ ಊರಿನವರನ್ನು ಬಲವಂತದಿಂದ ದುಡಿಸಿ ಆ ಕಸುಬು ಕಲಿಸಲಾಯಿತು. ಚೀಟಿಯಲ್ಲಿ ಈ ಸಂಗತಿ ಬರುವುದಿಲ್ಲ. ಬಂದರೆ ಶಾಲು ಮಾರಾಟವಾಗುವುದೂ ಕಷ್ಟ ಅನ್ನಿ.

ಮುಂದೆ 20ನೆಯ ಶತಮಾನದ ಮೊದಲ ದಶಕಗಳಲ್ಲಿ ಇದೇ ನೇಕಾರರು ಇಂಗ್ಲೆಂಡಿನ ಟ್ವೀಡ್ ಬಟ್ಟೆಯನ್ನು ನಕಲು ಮಾಡಿ ಪೇಟೆಯವರ ಕೋಟುಗಳಿಗೆ ಮಾರಿದರು. 1949ರಲ್ಲಿ ಅಧ್ಯಕ್ಷ ಗಾಲೊ ಪ್ಲಾಸಾ ಅವರ ಸರ್ಕಾರ ಪೆಗುಚೆ ಹಳ್ಳಿಯ ಒಟವಾಲೊ ಮಹಿಳೆ ರೋಸಾ ಲೇಮಾ ಅವರನ್ನು ಸಾಂಸ್ಕೃತಿಕ ನಿಯೋಗದಲ್ಲಿ ಅಮೆರಿಕಕ್ಕೆ ಕಳಿಸಿತು. ಆಮೇಲೆ ಒಟವಾಲೊದವರು ಗಂಟುಮೂಟೆ ಕಟ್ಟಿಕೊಂಡು ಯುರೋಪಿನ ಬೀದಿಗಳಲ್ಲೂ ಅಂಗಡಿ ಹರಡಿದರು. ಬೇಡಿಕೆ ಕಂಡಾಗ ವಿದ್ಯುತ್ ಮಗ್ಗ ಹಾಕಿದರು, ಉಣ್ಣೆಯ ಜಾಗಕ್ಕೆ ಅಕ್ರಿಲಿಕ್ ತಂದರು, ಡಚ್ ಕಲಾವಿದ ಎಷರ್ ಬರೆದ ಚಿತ್ರಗಳನ್ನೂ ಗೋಡೆಬಟ್ಟೆಗಳಲ್ಲಿ ನೇಯ್ದರು. ಉದ್ದನೆಯ ಜಡೆ, ಬಿಳಿ ಪೈಜಾಮ, ನೀಲಿ ಪೊಂಚೊ ಬಿಡದೆಯೇ ಇಷ್ಟೆಲ್ಲ ಮಾಡಿದರು.

ಇದು ಪರಂಪರೆ ಕೆಟ್ಟ ಲಕ್ಷಣ ಎಂದು ಮೂಗು ಮುರಿಯುವವರಿದ್ದಾರೆ. ನನಗೆ ಇದೇ ಪರಂಪರೆಯಾಗಿ ಕಾಣುತ್ತದೆ. ಗಿರಾಕಿಯನ್ನು ಓದಿ ನೇಯುವುದು ಆ ಜನಕ್ಕೆ ಹೊಸತಲ್ಲ. ದೂರದೂರಿಗೆ ಸರಕು ಒಯ್ಯುವ ಮಿಂದಲಾ ವ್ಯಾಪಾರಿಗಳು ಆ ಸೀಮೆಯಲ್ಲಿ ಇಂಕಾಗಳಿಗಿಂತ ಮೊದಲೇ ಇದ್ದರು. ನೇಕಾರನೇ ವ್ಯಾಪಾರಿಯೂ ಆದದ್ದರಿಂದ ಲಾಭ ಊರಿಗೆ ಬಂತು. ಎಲ್ಲರಿಗೂ ಸಮನಾಗಿ ಬರಲಿಲ್ಲ ಎನ್ನುವುದೂ ಸತ್ಯ. ಕೆಲವರು ಶ್ರೀಮಂತರಾದರು, ಹಲವರು ಅವರ ಕೈಕೆಳಗೆ ಕೂಲಿಗೆ ನೇಯ್ದರು. ಆದರೆ ಈ ಅನ್ಯಾಯ ಅಜ್ಜಿಯ ಪಟದಿಂದ ಸರಿಹೋಗುವಂಥದ್ದಲ್ಲ.

ನ್ಯಾಯಯುತ ವ್ಯಾಪಾರವೇ ಬೊಗಳೆ ಎನ್ನುತ್ತಿಲ್ಲ. ವಿಶ್ವ ನ್ಯಾಯಯುತ ವ್ಯಾಪಾರ ಸಂಘಟನೆಯ ನಿಯಮದಲ್ಲಿ ಒಂದು ಒಳ್ಳೆಯ ಮಾತಿದೆ: ಕುಶಲಕರ್ಮಿ ಕೇಳಿದರೆ ಆರ್ಡರಿನ ಕನಿಷ್ಠ ಶೇ. 50ರಷ್ಟು ಹಣವನ್ನು ಬಡ್ಡಿಯಿಲ್ಲದೆ ಮುಂಗಡ ಕೊಡಬೇಕು. ನೂಲು ಕೊಳ್ಳಲು ಸಾಲ ಕೊಡುವವನ ಮನೆ ಬಾಗಿಲು ಬಡಿಯುವ ಕುಟುಂಬಕ್ಕೆ ಇದರ ಬೆಲೆ ಏನೆಂದು ಬಿಡಿಸಿ ಹೇಳಬೇಕಿಲ್ಲ. ಶಾಲು ಮಾರುವವರು ಜಾಹೀರಾತು ಮಾಡುವುದಿದ್ದರೆ ಇದನ್ನು ಮಾಡಲಿ. ಅದರ ಬದಲು ನೇಕಾರ ಬಡವನಾಗಿ, ಹಳಬನಾಗಿ, ಹಳ್ಳಿಯಲ್ಲೇ ಇದ್ದರೆ ಮಾತ್ರ ಅವನ ಸರಕು ಅಸಲಿ ಎಂಬ ಭಾವನೆಯನ್ನು ಮಾರುತ್ತಿದ್ದಾರೆ. ಅವನ ಮಗ ವಿದ್ಯುತ್ ಮಗ್ಗ ಹಾಕಿದ ದಿನ ಆ ಸರಕು ಅವರ ಕ್ಯಾಟಲಾಗಿನಿಂದ ಹೊರಬೀಳುತ್ತದೆ.

ಇಂಥ ಶಾಲು ಕೊಳ್ಳುವಾಗ ಕಲೆ ಎಷ್ಟು ಹಳೆಯದು ಎಂದು ಕೇಳಬೇಡಿ. ಮುಂಗಡ ಎಷ್ಟು ಕೊಟ್ಟಿರಿ, ಬೆಲೆ ಕಟ್ಟಿದವರು ಯಾರು ಎಂದು ಕೇಳಿ.